ಕುರಿಗಳು ನೋಡಿದ ಗೋಡೆ

ಜಮಖಂಡಿಯ ಆ ಗೋಡೆಗೆ ಒತ್ತಿ ನೂಲಿನ ಬೇಲುಗಳನ್ನು, ಆ ದೊಡ್ಡ ದೊಡ್ಡ ಮೂಟೆಗಳನ್ನು, ಒಟ್ಟುವುದೆಂದು ಹೆಚ್ಚುಕಡಿಮೆ ತೀರ್ಮಾನವಾಗಿ ಹೋಗಿತ್ತು.

ಗೋಡೆಯ ಮೇಲೆ ಒಂದು ಚಿತ್ರವಿತ್ತು. ಸಂಜೆಯ ಬೆಳಕಿನಲ್ಲಿ ಕುರಿಹಿಂಡು ಹೊಳೆ ದಾಟುತ್ತಿದೆ. ಮುಂದಿನವು ಆಗಲೇ ಆಚೆ ದಡ ಹತ್ತಿ ಮೈ ಕೊಡವುತ್ತಿವೆ. ಹಿಂದಿನವು ನೀರಿಗಿಳಿಯಲೋ ಬೇಡವೋ ಎಂದು ಒಂದರ ಬೆನ್ನ ಮೇಲೊಂದು ಮೂತಿ ಇಟ್ಟು ನಿಂತಿವೆ. ದಡದಲ್ಲಿ ಜಾಲಿಗಿಡ, ಅದರ ಬುಡದಲ್ಲೊಂದು ಕರಿ ಬಂಡೆ. ಕ್ಯಾನ್ವಾಸಿನ ಮೇಲೆ ಬರೆದದ್ದಾಗಿದ್ದರೆ ಬಿಚ್ಚಿ ಬೇರೆ ಕೋಣೆಯಲ್ಲಿ ತೂಗುಹಾಕಬಹುದಿತ್ತು. ಆದರೆ ಬರೆದವನು, ಯಾರೆಂದು ಇಂದಿಗೂ ಗೊತ್ತಿಲ್ಲ, ಗಾರೆಯ ಮೇಲೆಯೇ ಬರೆದುಬಿಟ್ಟಿದ್ದ. ಬೇಲು ಒಟ್ಟಿದರೆ ಕುರಿಗಳು ಅದರ ಹಿಂದೆ ಸೇರುತ್ತವೆ, ಬೇಲು ಎಳೆದಾಗೊಮ್ಮೆ ಗಾರೆ ಉದುರುತ್ತದೆ, ನಾಲ್ಕು ಮಳೆಗಾಲದಲ್ಲಿ ಹೊಳೆಯೂ ಇಲ್ಲ, ಹಿಂಡೂ ಇಲ್ಲ.

ಈ ಬರಹ ಆ ಗೋಡೆಯ ಬಗ್ಗೆ. ನನ್ನ ಕೆಲಸದ ಬಗ್ಗೆಯೂ ಹೌದು. ಕಲಾ ಸಂಗ್ರಹಾಲಯಕ್ಕೆ ಬಂದವರು ಆಡುತ್ತ ಆಡುತ್ತ ಚಿತ್ರ ನೋಡುವಂತೆ ಮಾಡುವುದು ನನ್ನ ಕೆಲಸವಾಗಿತ್ತು. ಪರದೆ, ಕ್ಯಾಮೆರಾ, ಮೈಕು, ಸೆನ್ಸರು, ಏನು ಸಿಕ್ಕರೆ ಅದರಿಂದ ಆಟ ಕಟ್ಟುತ್ತಿದ್ದೆ. ರಬಕವಿಯ ನಮ್ಮ ಮನೆಯವರಿಗೆ ಇದು ಕೊನೆಯವರೆಗೂ ಅರ್ಥವಾಗಲಿಲ್ಲ. ಯಾರಾದರೂ ಕೇಳಿದರೆ ನಮ್ಮವ್ವ, "ಆಕಿ ಮ್ಯೂಜಿಯಂದಾಗ ಮಂದೀನ ಆಡಸ್ತಾಳ್ರಿ" ಎನ್ನುತ್ತಿದ್ದಳು. ನನ್ನ ವೃತ್ತಿಗೆ ಅದಕ್ಕಿಂತ ಒಳ್ಳೆಯ ಹೆಸರನ್ನು ಯಾವ ಸೆಮಿನಾರಿನಲ್ಲೂ ಕೇಳಲಿಲ್ಲ.

ಈಗ ಈ ಕೆಲಸಕ್ಕೆ ಇಳಿಯುತ್ತಿರುವ ಹುಡುಗ ಹುಡುಗಿಯರು ಮನೆಗೆ ಬರುತ್ತಾರೆ. ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು ಕೇಳುತ್ತಾರೆ. ನಾನು ಕಲಿತದ್ದೆಲ್ಲ ಈಗ ಗುಜರಿಯಲ್ಲಿದೆ. ಆದ್ದರಿಂದ ಅದನ್ನು ಬಿಟ್ಟು ಉಳಿದದ್ದನ್ನು ಬರೆಯುತ್ತಿದ್ದೇನೆ. ಒಂದೇ ಎಚ್ಚರಿಕೆ: ನಿವೃತ್ತರ ನೆನಪನ್ನು ನಂಬಬೇಡಿ. ಅದು ದಿನಾ ಸಂಜೆ ಕೂತು ಮೂಲೆ ಮೂಲೆ ಗುಡಿಸಿ, ಸೋಲನ್ನೆಲ್ಲ ಪಾಠವೆಂದು ಮಡಚಿಡುತ್ತದೆ. ಈ ಪ್ರಸಂಗವನ್ನು ನಾನು ಹೇಳಿದ ಪ್ರತಿ ಸಲವೂ ಅದರೊಳಗಿನ ಮುದುಕನ ಕಂಬಳಿ ಒಂದೊಂದು ಗೇಣು ಉದ್ದವಾಗಿದೆ. ಉದ್ದವಾದದ್ದು ಗೊತ್ತಾದ ಕಡೆ ಹಿಂದಕ್ಕೆಳೆದು ಬರೆದಿದ್ದೇನೆ. ಗೊತ್ತಾಗದ ಕಡೆ ನೀವೇ ಎಳೆದುಕೊಳ್ಳಿ.

ಮೊದಲು ಗಾಜಿನ ವಿಷಯ.

ಸಂಗ್ರಹಾಲಯ ಜಮಖಂಡಿಯ ಒಂದು ಖಾಸಗಿ ಟ್ರಸ್ಟಿನದು. ಕಟ್ಟಡ ಹಿಂದೆ ಅರಳೆ ವ್ಯಾಪಾರ ಮಾಡುತ್ತಿದ್ದವರ ವಾಡೆ, ದೊಡ್ಡ ಮನೆ. ನಾನು ಸೇರಿದ ಹೊಸದರಲ್ಲಿ ಅಲ್ಲಿಗೆ ಒಂದು ಟಚ್ ಸ್ಕ್ರೀನ್ ತರಿಸಿದ್ದೆವು. ಬೆರಳಿಟ್ಟರೆ ಚಿತ್ರದೊಳಗಿನ ಬಣ್ಣಗಳು ಚದುರಿ ಮತ್ತೆ ಕೂಡಿಕೊಳ್ಳುವ ಆಟ. ಈ ಭಾಗಕ್ಕೇ ಹೊಸದು. ಉದ್ಘಾಟನೆಯಾಯಿತು, ಮಂದಿ ಬಂದರು, ಎರಡು ಮಾರು ದೂರ ನಿಂತರು, ಕೆಲವರು ಕೈ ಮುಗಿದರು, ಹೋದರು. ಒಬ್ಬರೂ ಮುಟ್ಟಲಿಲ್ಲ. ಯಾಕೆ ಮುಟ್ಟಿಯಾರು? ಬಾಗಿಲಲ್ಲಿ ಚಪ್ಪಲಿ ಬಿಡಿಸಿಕೊಂಡು ಒಳಗೆ ಬಂದವರಿಗೆ ಪ್ರತಿ ಗೋಡೆಯ ಮೇಲೂ "ಮುಟ್ಟಬಾರದು" ಎಂಬ ಫಲಕ. ಅದರ ಮೇಲೆ ನಮ್ಮ ಸಿಪಾಯಿ ಹಣಮಂತಪ್ಪ. ಜೀವಮಾನವಿಡೀ ಒಂದೇ ಮಾತು ಹೇಳಿಕೊಂಡು ಬಂದ ಮನುಷ್ಯ. ಧೈರ್ಯ ಮಾಡಿ ಒಬ್ಬ ಹೆಣ್ಣುಮಗಳು ಬೆರಳು ಮುಂದೆ ಮಾಡಿದಾಗ ಆತ ಕುರ್ಚಿಯಿಂದಲೇ ಗುಡುಗಿದ:

"ಏ ಯವ್ವಾ! ಕೈ ಹಚ್ಚಬ್ಯಾಡ! ದೂರ ನಿಂದ್ರ!"

"ಹಣಮಂತಪ್ಪ, ಇದನ್ನ ಮುಟ್ಟಾಕಂತನ ಇಟ್ಟೇವಿ" ಎಂದೆ.

"ಮುಟ್ಟಾಕ ಇಟ್ಟಿದ್ರ ನನ್ನ ಯಾಕ ಇಟ್ಟೀರಿ ಅಕ್ಕಾರ?"

"ದಯವಿಟ್ಟು ಮುಟ್ಟಿ" ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದೆ, ಪ್ರಯೋಜನವಾಗಲಿಲ್ಲ. ಬಾಣದ ಗುರುತು ಹಾಕಿಸಿದೆ, ಅದೂ ಆಗಲಿಲ್ಲ. ಒಂದು ಬೆಳಿಗ್ಗೆ ಹಣಮಂತಪ್ಪ ಒದ್ದೆ ಬಟ್ಟೆಯಿಂದ ಆ ಗಾಜನ್ನು ಕನ್ನಡಿಯ ಹಾಗೆ ಒರೆಸುತ್ತಿದ್ದ. ನೋಡುತ್ತಾ ನಿಂತಾಗ ಕಾರಣ ಎದುರಿಗೇ ಕಂಡಿತು. ಅಂಗಳದ ರಂಗೋಲಿ ಪುಡಿಯಲ್ಲಿ ಕೈ ಅದ್ದಿ ತಂದು ಗಾಜಿನ ತುಂಬ ಬೆರಳು ಮೂಡಿಸಿದೆ. ಆತನಿಗೆ ಅಳುವುದೊಂದು ಬಾಕಿ.

ಆ ದಿನ ಮಂದಿ ಮುಟ್ಟಿದರು. ತಮಗಿಂತ ಮೊದಲು ಯಾರೋ ಮುಟ್ಟಿದ್ದಾರೆ, ಬೈಸಿಕೊಂಡಿಲ್ಲ ಎಂಬುದು ಗಾಜಿನ ಮೇಲೇ ಕಾಣುತ್ತಿತ್ತಲ್ಲ. ಮಧ್ಯಾಹ್ನದ ಹೊತ್ತಿಗೆ ಪರದೆಯ ಮುಂದೆ ನೂಕಾಟ. ಅಲ್ಲಿಂದ ಮುಂದೆ ನಾನು ಕಟ್ಟಿದ ಯಾವ ಆಟವೂ ಹೊಚ್ಚಹೊಸದಾಗಿ ಹೊಳೆಯುತ್ತ ಜನರ ಮುಂದೆ ಬರಲಿಲ್ಲ. ಸ್ವಲ್ಪ ಮಾಸಿ, ಸ್ವಲ್ಪ ಸವೆದು, ಯಾರೋ ಆಗಲೇ ಆಡಿಟ್ಟು ಹೋದಂತೆ ಬಂತು.

ಬನಹಟ್ಟಿಯದು ಬೇರೆ ತಮಾಷೆ. ಅಲ್ಲಿ ಹಳೆಯ ಸೀರೆಗಳ ಅಂಚು ಸೆರಗಿನ ಪ್ರದರ್ಶನಕ್ಕೆ ಚಪ್ಪಾಳೆಯ ಆಟವೊಂದನ್ನು ಮಾಡಿದ್ದೆ. ನೀವು ಚಪ್ಪಾಳೆ ತಟ್ಟಿದ ಲಯಕ್ಕೆ ತಕ್ಕಂತೆ ಪರದೆಯ ಮೇಲೆ ಸೀರೆಯ ದಡಿ, ಅಂದರೆ ಅಂಚು, ನೇಯ್ದುಕೊಂಡು ಹೋಗಬೇಕು. ಮೊದಲ ದಿನ ಬಾಗಿಲು ತೆಗೆಯುವಷ್ಟರಲ್ಲಿ ಅದು ತನ್ನಷ್ಟಕ್ಕೆ ತಾನೇ ಒಂದು ಸೀರೆ ನೇಯ್ದು ಮುಗಿಸಿ ಎರಡನೆಯದನ್ನು ಹಿಡಿದಿತ್ತು. ಬದಿಯ ಓಣಿಯ ತುಂಬ ಪವರ್‌ಲೂಮ್. ಮೈಕಿಗೆ ಆ ಖಟಾಖಟ್ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ರಬಕವಿಯಲ್ಲಿ ಹುಟ್ಟಿದ ನನಗೆ ಆ ಸದ್ದು ಕೇಳಿಸದಷ್ಟು ರೂಢಿಯಾಗಿತ್ತು. ಪರವೂರಿನವರು ಕಟ್ಟಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ನೋಡಲು ಬಂದ ಮಗ್ಗದ ಹೆಣ್ಣುಮಕ್ಕಳಲ್ಲಿ ಒಬ್ಬಾಕೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಇಲ್ಲಿಗೆ ಬಂದ್ರೂ ನೇಯೂದ ಐತೇನ್ ನಮ್ಮ ನಸೀಬದಾಗ? ನಡೀರೇ, ಇದರ ಪಾಡಿಗಿದು ಪಾಳಿ ಮುಗಸ್ಲಿ" ಎಂದಳು. ಎಲ್ಲರೂ ನಕ್ಕು ಹೊರಟರು.

ಅವರು ಮೆಟ್ಟಿಲಿಳಿಯುವಾಗ ಕರೆಂಟು ಹೋಯಿತು.

ಇಡೀ ಓಣಿ ಒಮ್ಮೆಲೇ ಸುಮ್ಮನಾಯಿತು. ನಮ್ಮ ಪರದೆ ಮಾತ್ರ ಬ್ಯಾಟರಿಯ ಮೇಲೆ ಉರಿಯುತ್ತಿತ್ತು. ಅದೇ ಹೆಣ್ಣುಮಗಳು ತಿರುಗಿ ಬಂದು ಒಂದು ಚಪ್ಪಾಳೆ ಹೊಡೆದಳು. ಒಂದು ಎಳೆ ಬಂತು. ಮತ್ತೊಂದು ಹೊಡೆದಳು, ಮತ್ತೊಂದು ಎಳೆ. ಹತ್ತು ನಿಮಿಷದಲ್ಲಿ ಆ ಹೆಂಗಸರು ಕೂಡಿ ತಾಳ ಬದಲಿಸುತ್ತ, ಒಬ್ಬರನ್ನೊಬ್ಬರು ಬೈಯುತ್ತ ಎಂಥ ದಡಿ ನೇಯ್ದರೆಂದರೆ, ಪ್ರದರ್ಶನದ ಹಳೆಯ ಸೀರೆಗಳು ಮಂಕಾಗಿ ಕಂಡವು. ಆಮೇಲೆ ಮೈಕಿಗೆ ಏನೂ ರಿಪೇರಿ ಮಾಡಿಸಲಿಲ್ಲ. ಕರೆಂಟು ಹೋದಾಗ ಮಾತ್ರ ಆಟ ಎಂದು ಹೊರಗೆ ಹಲಗೆ ಹಾಕಿದೆವು. ಮಗ್ಗ ನಿಂತರೆ ಬೈದುಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದ ಮಂದಿ, "ಕರೆಂಟ್ ಹೋತು, ನಡೀರಿ ಆಡೂಣು" ಎಂದು ಬರತೊಡಗಿದರು. ಬನಹಟ್ಟಿಯಲ್ಲಿ ಕರೆಂಟು ಹೋದದ್ದಕ್ಕೆ ಯಾರಾದರೂ ಖುಷಿಪಟ್ಟದ್ದು ಆ ಒಂದು ತಿಂಗಳು ಮಾತ್ರ ಇರಬೇಕು.

ಮುಧೋಳದಲ್ಲಿ ಬೇಟೆನಾಯಿಯ ಚಿತ್ರವಿಟ್ಟು, ಯಾರು ಹೆಚ್ಚು ಹೊತ್ತು ಅಲುಗಾಡದೆ ನಿಲ್ಲುತ್ತಾರೋ ನೆಲದ ಮೇಲೆ ಬೆಳಕಿನಲ್ಲಿ ಮೂಡುವ ನಾಯಿ ಅವರ ಹತ್ತಿರ ಬಂದು ಕೂರುವ ಆಟ ಮಾಡಿದ್ದೆವು. ಊರಿನ ಗಂಡಸರು ಹಠಕ್ಕೆ ಬಿದ್ದು ಕಲ್ಲುಗಂಬಗಳ ಹಾಗೆ ಸಾಲಾಗಿ ನಿಂತರು. ನಾಯಿ ಅವರೆಲ್ಲರನ್ನೂ ದಾಟಿ ಹೋಗಿ, ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದ ಬಸ್ ಕಂಡಕ್ಟರನ ಕಾಲ ಬಳಿ ಕೂತಿತು. ನಿಂತವರು ತಕರಾರು ತೆಗೆದರು, "ಅಂವ ಆಟಕ್ಕ ಬಂದಾಂವ ಅಲ್ರಿ" ಎಂದು. ನಾಯಿಯ ತೀರ್ಪೇ ಕೊನೆ ಎಂದೆ.

ಇಂಥ ಆಟಗಳನ್ನು ಜನರ ಮುಂದಿಡುವ ಮೊದಲು ಕಾಗದದಲ್ಲಿ ಕತ್ತರಿಸಿಕೊಂಡು ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಆಡಿಸಿ ನೋಡುತ್ತಿದ್ದೆ. ಬಸ್ಸಿಗೆ ಕಾಯುವವರಿಗೆ ನಿಮ್ಮ ಬಗ್ಗೆ ಭಕ್ತಿಯೂ ಇಲ್ಲ, ದಾಕ್ಷಿಣ್ಯವೂ ಇಲ್ಲ. ಬೇಸರವಾದರೆ ಎದ್ದು ಹೋಗುತ್ತಾರೆ. ಬಸ್ಸು ಬಂದರೂ ಏಳದೆ ಕೂತರೆ ಆಟ ಗೆದ್ದಿತೆಂದು ಅರ್ಥ. ಈಗಿನವರು ಹವಾನಿಯಂತ್ರಿತ ಕೋಣೆಯಲ್ಲಿ ನಾಲ್ಕು ಜನರನ್ನು ಕರೆದು ಬಿಸ್ಕತ್ತು ಕೊಟ್ಟು ಅಭಿಪ್ರಾಯ ಕೇಳುತ್ತಾರೆ. ಬಿಸ್ಕತ್ತು ತಿಂದವರು ಸುಳ್ಳು ಹೇಳುತ್ತಾರೆ.

ಈಗ ಗೋಡೆಗೆ ಬರುತ್ತೇನೆ.

ಟ್ರಸ್ಟಿನ ಅಧ್ಯಕ್ಷರು ಶಿವಲಿಂಗಪ್ಪ ಸಾವಕಾರರು. ಬನಹಟ್ಟಿಯಲ್ಲಿ ನೂಲಿನ ವ್ಯಾಪಾರ. ಕೆಟ್ಟ ಮನುಷ್ಯರಲ್ಲ. ಖಾಲಿ ಜಾಗ ಕಂಡರೆ ಮೈ ತುರಿಸುವ ಸ್ವಭಾವ, ಅಷ್ಟೆ. ಕುರಿಗಳ ಪಡಸಾಲೆಗೆ ಯಾರೂ ಬರುತ್ತಿರಲಿಲ್ಲ. ವಾಡೆಯ ಹಿಂಭಾಗದಲ್ಲಿತ್ತು, ಬೆಳಕು ಕಡಿಮೆ. ಬಂದವರು ಬಾಗಿಲಲ್ಲಿ ಇಣುಕಿ, "ಕುರಿ" ಎಂದು ಹೇಳಿ ಹೊರಟು ಹೋಗುತ್ತಿದ್ದರು. ಮನೆಯ ಮುಂದೆ ದಿನಾ ಕಾಣುವ ಕುರಿಯನ್ನು ಒಳಗೆ ಬಂದು ಯಾಕೆ ನೋಡಬೇಕು?

"ನೋಡ್ರಿ ಬಾಯಾರ" ಎಂದರು ಸಾವಕಾರರು ಒಂದು ದಿನ, ಪಡಸಾಲೆಯ ನಡುವೆ ನಿಂತು ಅಳತೆ ಹಿಡಿಯುವವರ ಹಾಗೆ ಸುತ್ತ ಕಣ್ಣಾಡಿಸುತ್ತ. "ಇಷ್ಟ ದೊಡ್ಡ ಜಾಗಾ ಕುರಿಗೋಳಿಗೆ ಬಿಟ್ಟೇವಿ. ಕುರಿ ಏನ ಬಾಡಗಿ ಕೊಡ್ತಾವೇನು? ಮಳಿ ಬಂದ್ರ ಮಾಳಗಿ ಸೋರತೈತಿ. ನೂಲಿನ ಗೋದಾಮಕ್ಕ ಕೊಟ್ಟರ ಅದರಾಗ ಮಾಳಗಿ ರಿಪೇರಿ ಆಕ್ಕೈತಿ."

"ಚಿತ್ರ ಹೋಗ್ತದ್ರಿ ಸಾವಕಾರ್ರ."

"ಯಾರ ನೋಡತಾರ ಅದನ್ನ? ಒಬ್ಬಾಂವನ್ನ ತೋರಸ್ರಿ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಕಷ್ಟ. ಒಂದು ಆಟ ಕಟ್ಟುತ್ತೇನೆ, ಆಮೇಲೆ ನಿರ್ಧಾರ ಮಾಡಿ ಎಂದು ಬೇಡಿಕೊಂಡೆ. ಸಾವಕಾರರು ಒಪ್ಪಿದರು. "ಆಟ ಸುರು ಆಗೂ ದಿನ ನಾನ ಬಂದ ನೋಡ್ತೇನಿ. ಮಂದಿ ಈ ಗ್ವಾಡಿ ನೋಡಿದ್ರ ಗ್ವಾಡಿ ಉಳೀತು. ಇಲ್ಲಾಂದ್ರ ಮರದಿನಾ ಬೇಲ್ ಬರತಾವ."

ನನ್ನ ಜೊತೆ ಇದ್ದವನು ಇರ್ಫಾನ್. ಜಮಖಂಡಿಯವನು, ಎಷ್ಟೋ ವರ್ಷ ನನ್ನ ಆಟಗಳ ಪ್ರೋಗ್ರಾಮ್ ಬರೆದವನು. ನನ್ನ ತಲೆಯಲ್ಲಿ ಬಂದದ್ದನ್ನು ಮೊದಲು "ಆಗಂಗಿಲ್ಲ" ಎಂದು, ಆಮೇಲೆ ಮಾಡಿ ತೋರಿಸುವುದು ಅವನ ಪದ್ಧತಿ. ನಾವಿಬ್ಬರೂ ಹೊಸ ಬಗೆಯ ಕ್ಯಾಮೆರಾ ಒಂದನ್ನು ತರಿಸಿದೆವು. ಅದು ಕಣ್ಣಿಗೆ ಕಾಣದ ಬೆಳಕು ಬಿಟ್ಟು, ಆ ಬೆಳಕು ಎದುರಿದ್ದವರಿಗೆ ತಾಗಿ ಮರಳಿದ್ದನ್ನು ಹಿಡಿದು ಅವರ ಆಕಾರವನ್ನು ಗುರುತಿಸುತ್ತಿತ್ತು. ಆಟ ಹೀಗೆ: ಪಡಸಾಲೆಯ ನಡುವೆ ಹಗ್ಗದ ಒಂದು ವರ್ತುಲ. ಅದರೊಳಗೆ ನಿಂತರೆ ಎದುರಿನ ಬಿಳಿ ಪರದೆಯ ಮೇಲೆ ನಿಮ್ಮ ಆಕಾರ ಚಿತ್ರದ ಬಣ್ಣಗಳಲ್ಲೇ ಮೂಡುತ್ತದೆ, ಸುತ್ತ ಚಿತ್ರದ ಕುರಿಗಳು ಓಡಾಡುತ್ತವೆ. ಕೈಬೀಸಿ ಅವನ್ನು ಹೊಳೆ ದಾಟಿಸಬೇಕು. ವರ್ತುಲದಲ್ಲಿ ಯಾರೂ ಇಲ್ಲದಾಗ ಕುರಿಗಳು ಮೇಯುವುದನ್ನು ಬಿಟ್ಟು ತಲೆಯೆತ್ತಿ ಪರದೆಯಿಂದ ಹೊರಗೆ, ಎದುರಿಗೆ ನೋಡುತ್ತ ನಿಲ್ಲಬೇಕು. ಮುಂದಿನವರಿಗೆ ಅದೇ ಕರೆ. ಈ ಕೊನೆಯದು ಇರ್ಫಾನನ ಸೇರ್ಪಡೆ, ನನ್ನದೆಂದು ಎರಡು ಕಡೆ ಭಾಷಣದಲ್ಲಿ ಹೇಳಿದ್ದೇನೆ ಎಂದು ಅವನ ಆರೋಪ. ನನಗೆ ನೆನಪಿಲ್ಲ. ಅವನು ಹೇಳಿದ್ದೇ ಖರೆ ಇರಬೇಕು.

ಒಂದು ತೊಡಕು ನನಗೆ ಮೊದಲೇ ಗೊತ್ತಿತ್ತು. ಹಳೆಯ ಬಣ್ಣದ ಮೇಲೆ ಪ್ರೊಜೆಕ್ಟರಿನ ಬೆಳಕು ಬಿಡಬಾರದು. ಹಾಗಾಗಿ ಪರದೆಯನ್ನು ಚಿತ್ರದ ಎದುರಿನ ಗೋಡೆಗೆ ಕಟ್ಟಿದ್ದೆವು. ಪರದೆ ನೋಡುವವರ ಬೆನ್ನು ಚಿತ್ರಕ್ಕೆ. ಆಡಿ ಮುಗಿದ ಮೇಲೆ ತಿರುಗಿ ನೋಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಯಾಕೆ ನೋಡುತ್ತಾರೆ ಎಂಬುದಕ್ಕೆ ಉತ್ತರವಿರಲಿಲ್ಲ.

ಆಟ ಶುರುವಾದ ದಿನ ಪಡಸಾಲೆ ಕಿಕ್ಕಿರಿಯಿತು. ಹಿಪ್ಪರಗಿ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಬಂದವರಿದ್ದರು, ಬನಹಟ್ಟಿಯ ಅಂಗಡಿಯವರಿದ್ದರು. ಕುರಿಯ ಚಿತ್ರವಲ್ಲವೇ ಎಂದು ಬೀಳಗಿ ಕಡೆಯ ಕೆಲವು ಕುರುಬರ ಮನೆಗಳವರನ್ನೂ ನಾನೇ ಹೋಗಿ ಕರೆದಿದ್ದೆ. ಮಂದಿ ಕುಣಿದು ಆಡಿದರು. ಒಬ್ಬ ಬ್ಯಾಂಕಿನ ನೌಕರ ಕುರಿಯ ಹಿಂದೆ ಓಡಿ ಹಗ್ಗ ಎಡವಿ ಬಿದ್ದ. ಇರ್ಫಾನ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನಾನು ನೋಡುತ್ತಿದ್ದದ್ದು ಕಾಲುಗಳನ್ನು. ಈ ಕೆಲಸದಲ್ಲಿ ಮುಖ ನೋಡಬಾರದು. ಮುಖಗಳು ಮರ್ಯಾದೆಗೆ ನಗುತ್ತವೆ, ಕಾಲ ಹೆಬ್ಬೆರಳು ಯಾವ ಕಡೆ ತಿರುಗಿದೆಯೋ ಅದು ನಿಜ. ಆ ಪಡಸಾಲೆಯ ಅಷ್ಟೂ ಹೆಬ್ಬೆರಳು ಪರದೆಯ ಕಡೆಗೆ. ಒಂದಾದರೂ ಗೋಡೆಯ ಕಡೆ ತಿರುಗಲಿಲ್ಲ.

ಸಾವಕಾರರು ಚಿತ್ರದ ಕಡೆಯ ಒಂದು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, ಹಂಗಿಸುವ ದನಿಯಲ್ಲಲ್ಲ, ವಿಷಾದದಿಂದಲೇ ಹೇಳಿದರು:

"ಆಟೇನೋ ಛಲೋ ಐತ್ರಿ ಬಾಯಾರ. ಖರೆ ಎಲ್ಲಾರೂ ಚಿತ್ರಕ್ಕ ಬೆನ್ನ ಮಾಡಿ ನಿಂತಾರಲ್ಲ? ಬೆನ್ನ ಹಿಂದ ಬೇಲ್ ಒಟ್ಟಿದ್ರೂ ಇವರಿಗೆ ಗೊತ್ತಾಗಂಗಿಲ್ಲ. ಈ ಪರದೆ ಮುಂದಿನ ಖೋಲ್ಯಾಗ ಕಟ್ಟೂಣು, ಆತ?"

ಆಯಿತು ಎನ್ನಲು ಬಾಯಿ ತೆರೆದಿದ್ದೆ.

ಆಗ ವರ್ತುಲದಲ್ಲಿ ಗದ್ದಲವಾಯಿತು. ಬೀಳಗಿ ಕಡೆಯ ಮಾಳಪ್ಪ ಎಂಬ ಮುದುಕ ಒಳಗೆ ಕಾಲಿಟ್ಟಿದ್ದ. ಹೆಗಲಿನಿಂದ ಮೊಣಕಾಲಿನ ತನಕ ಕರಿಕಂಬಳಿ. ಪರದೆಯ ಮೇಲೆ ಮೂಡಿದ್ದು ಅವನ ರುಮಾಲು ಸುತ್ತಿದ ತಲೆ ಮತ್ತು ಒಂದು ಕೈ. ನಡುವೆ ಏನೂ ಇಲ್ಲ. ಕೆಳಗೆ ಬಿಡಿಯಾಗಿ ಎರಡು ಕಾಲು. ಒರಟು ಕರಿಉಣ್ಣೆ ನಮ್ಮ ಕ್ಯಾಮೆರಾದ ಬೆಳಕನ್ನು ನುಂಗಿಬಿಟ್ಟಿತ್ತು, ಒಂದು ಚೂರೂ ಮರಳಿ ಕೊಡಲಿಲ್ಲ. ಪ್ರಯೋಗಕ್ಕೆ ನಾವು ನಿಲ್ಲಿಸಿದವರೆಲ್ಲ ಅಂಗಿ ಪ್ಯಾಂಟಿನವರು, ಸೀರೆಯವರು. ಕುರಿಯ ಆಟಕ್ಕೆ ಕುರುಬರು ಕಂಬಳಿ ಹೊದ್ದು ಬರುತ್ತಾರೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ತೇಲುವ ತಲೆ ನೋಡಿ ಮಂದಿ ಹೋ ಎಂದರು. ಮಾಳಪ್ಪನ ಹೆಂಡತಿ ಲಕ್ಕವ್ವ ಹಗ್ಗದಾಚೆ ನಿಂತಿದ್ದವಳು ಸೆರಗು ಬಾಯಿಗಿಟ್ಟುಕೊಂಡು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಅಂದಳು:

"ನಾ ಲಗ್ನಾದಾಗಿಂದ ಹೇಳಾಕತ್ತೇನಿ, ಕೆಲಸದ ಹೊತ್ತಿಗೆ ಇಂವ ಕಾಣೂದ ಇಲ್ಲ ಅಂತ. ಮಶೀನಿಗೂ ಗೊತ್ತಾತ ನೋಡ್ರಿ!"

ಇರ್ಫಾನ್ ಬೆವೆತು ಹೋಗಿದ್ದ. "ಮುತ್ಯಾ, ಕಂಬಳಿ ಒಂದೀಟ ತಗದಿಡ್ರಿ" ಎಂದ.

"ಕಂಬಳಿ ತಗದ್ರ ನಾ ಯಾರಂತ ಕುರಿಗೋಳಿಗೆ ಹೆಂಗ ಗೊತ್ತಾಗಬೇಕೋ ತಮ್ಮಾ?"

"ಅವು ಖರೆ ಕುರಿ ಅಲ್ಲೋ ಮುತ್ಯಾ!"

"ಹಂಗಾರ ನೀ ಯಾಕ ಅಂಜಾಕತ್ತೀ?"

ಮುದುಕನಿಗೆ ಪರದೆಯ ಮೇಲಿನ ತನ್ನ ತಲೆ ಕಂಡು ಮೋಜು ಹತ್ತಿತ್ತು. ಕೈಯನ್ನು ಕಂಬಳಿಯೊಳಗೆಳೆದುಕೊಂಡ, ಕೈ ಮಾಯ. ಹೊರಗೆ ಹಾಕಿದ, ಬಂತು. ಮತ್ತೆ ಎಳೆದ. ಆಮೇಲೆ ಲಕ್ಕವ್ವನ ಕಡೆ ಒಮ್ಮೆ ನೋಡಿ, ಮಳೆ ಬಂದಾಗ ಮಾಡುವಂತೆ ಕಂಬಳಿಯನ್ನು ತಲೆಯ ಮೇಲಿಂದ ಎಳೆದುಕೊಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

ಪರದೆಯಿಂದ ಮನುಷ್ಯ ಹೋಗಿಬಿಟ್ಟ.

ಯಂತ್ರದ ಲೆಕ್ಕದಲ್ಲಿ ವರ್ತುಲ ಖಾಲಿ. ಕುರಿಗಳು ಓಡುವುದನ್ನು ನಿಲ್ಲಿಸಿದವು. ಒಂದೊಂದಾಗಿ ತಲೆಯೆತ್ತಿದವು. ಇಡೀ ಹಿಂಡು ನಮ್ಮೆಲ್ಲರ ಹೆಗಲಾಚೆ, ಪಡಸಾಲೆಯ ಆ ತುದಿಯನ್ನು ನೋಡುತ್ತ ಸ್ತಬ್ಧವಾಗಿ ನಿಂತಿತು. ಅಷ್ಟು ಹೊತ್ತು ಆಡುವವರ ಸಾಲು ಮುರಿಯದೆ ಇದ್ದುದರಿಂದ ಇರ್ಫಾನನ ಆ ಸೇರ್ಪಡೆಯನ್ನು ಯಾರೂ ನೋಡಿರಲಿಲ್ಲ. ಈಗ ನೋಡಿದರು. ನಗು ನಿಂತಿತು.

ಯಾರಾದರೂ ನಿಮ್ಮ ಹಿಂದೆ ಏನನ್ನೋ ಎವೆಯಿಕ್ಕದೆ ನೋಡುತ್ತಿದ್ದರೆ ನೀವೇನು ಮಾಡುತ್ತೀರಿ?

ಮಂದಿ ತಿರುಗಿದರು. ಮೊದಲು ಹಿಂದಿನ ಸಾಲಿನವರು, ಆಮೇಲೆ ಎಲ್ಲರೂ. ನಾನು ನೆಲ ನೋಡುತ್ತಿದ್ದೆ. ಹೆಬ್ಬೆರಳುಗಳು ತಿರುಗಿದ್ದನ್ನು ನೋಡಿದೆ. ನನ್ನ ಕೆಲಸದಲ್ಲಿ ಅಂಥ ಇನ್ನೊಂದು ಕ್ಷಣ ಸಿಗಲಿಲ್ಲ. ಈ ಒಂದು ನೆನಪನ್ನು ಮಾತ್ರ ನಾನು ಅನುಮಾನಿಸುವುದಿಲ್ಲ, ಅನುಮಾನಿಸಲು ಇಷ್ಟವೂ ಇಲ್ಲ.

ತಿರುಗಿದವರಲ್ಲಿ ಸಾವಕಾರರೂ ಇದ್ದರು. ಗೋಡೆಗೆ ಎಲ್ಲರಿಗಿಂತ ಹತ್ತಿರ ನಿಂತಿದ್ದವರು ಅವರೇ. ಕುರಿಗಳು ಏನು ನೋಡುತ್ತಿವೆ ಎಂದು ಹುಡುಕುವವರಂತೆ ಚಿತ್ರದ ಈ ತುದಿಯಿಂದ ಆ ತುದಿಯ ತನಕ ಕಣ್ಣು ಹಾಯಿಸಿದರು. ಜಾಲಿಗಿಡದ ಬುಡಕ್ಕೆ ಬಂದು ನಿಂತರು. ಕನ್ನಡಕ ಮೇಲೇರಿಸಿ ಬಗ್ಗಿದರು. ಮತ್ತೆ ವರ್ತುಲದಲ್ಲಿ ಕೂತ ಮಾಳಪ್ಪನ ಕಡೆ ನೋಡಿದರು. ಮತ್ತೆ ಗೋಡೆ.

"ಏ..." ಎಂದರು. "ಏ, ಈ ಕಲ್ಲಿಗೆ ಕಾಲಬೆರಳ ಅದಾವಲ್ಲ!"

ಎಲ್ಲರೂ ಗೋಡೆಗೆ ಮುತ್ತಿದರು. ಹೌದು. ಅಷ್ಟು ವರ್ಷ ನಾವೆಲ್ಲ ಬಂಡೆ ಎಂದುಕೊಂಡಿದ್ದ ಆ ಕರಿ ಗುಪ್ಪೆಯ ಕೆಳಗೆ, ಮಸುಕಾಗಿ, ಐದು ಬೆರಳು. ಆಟದೊಳಗೆ ನಾನೇ ಅದನ್ನು ಬಂಡೆಯಾಗಿ ಇಟ್ಟಿದ್ದೆ, ಕುರಿಗಳು ಅದನ್ನು ಸುತ್ತಿ ಹೋಗುತ್ತಿದ್ದವು. ಅದು ಕಂಬಳಿ ಹೊದ್ದು ಕೂತ ಮನುಷ್ಯ. ಹಿಂಡಿನ ಒಡೆಯ. ಬರೆದವನು ಅವನನ್ನು ಅಲ್ಲಿ ಅಡಗಿಸಿಟ್ಟು ಹೋಗಿದ್ದ, ಯಾರಾದರೂ ಹುಡುಕಲಿ ಎಂದು. ನಮಗಿಂತ ಎಷ್ಟೋ ಮೊದಲೇ ಆ ಗೋಡೆಯ ಮೇಲೆ ಒಂದು ಆಟ ಕಟ್ಟಿಟ್ಟಿದ್ದ.

ಲಕ್ಕವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದು ನೋಡಿದಳು. "ಇವನೂ ನಮ್ಮ ಮುದುಕನ ಹಂಗ. ಕುರಿ ಹೊಳಿಗಿ ಇಳದಾವ, ಇಂವ ಮುಸಕ ಹಾಕ್ಕೊಂಡ ಕುಂತಾನ!"

"ಏನ್ ಅದು? ನನಗೂ ಹೇಳ್ರಲೇ!" ಎಂದ ಮಾಳಪ್ಪ ಕಂಬಳಿಯೊಳಗಿನಿಂದ. ಮುಖ ಹೊರಗೆ ಹಾಕಿದ್ದೇ ತಡ, ಪರದೆಯ ಮೇಲಿನ ಹಿಂಡೆಲ್ಲ ಅವನ ತಲೆಯ ಕಡೆಗೆ ಓಡಿಬಂತು. ಪಡಸಾಲೆ ಹಾರಿಹೋಗುವಂತೆ ಮಂದಿ ಕೂಗಿದರು. ಆಮೇಲೆ ಎಲ್ಲರಿಗೂ ಕಂಬಳಿಯೇ ಬೇಕು. ಬ್ಯಾಂಕಿನವನು ಹೊದ್ದ, ಹಣಮಂತಪ್ಪ ಹೊದ್ದ. ಕುರಿಗಳು ತಲೆಯೆತ್ತಿದಾಗೊಮ್ಮೆ ಇಡೀ ಗುಂಪು ತಿರುಗಿ ಗೋಡೆಗೆ ಓಡುವುದು, ಬೆರಳು ತೋರಿಸುವುದು, ಮತ್ತೆ ಬರುವುದು.

ಕೊನೆಗೆ ಸಾವಕಾರರು ಬಂದು, ಅತ್ತಿತ್ತ ನೋಡಿ, "ತರ್ರಿ ಇಲ್ಲಿ" ಎಂದು ಕಂಬಳಿ ಇಸಿದುಕೊಂಡರು. ಬಿಳಿ ಅಂಗಿ, ಬಿಳಿ ಧೋತರ, ವಿಭೂತಿ ಎಲ್ಲ ಒಮ್ಮೆಗೇ ಮಾಯವಾಯಿತು. ಒಳಗಿನಿಂದ ದನಿ ಬಂತು: "ಕಾಣಾಕತ್ತೇನೇನು?"

"ಇಲ್ರೀ ಸಾವಕಾರ್ರ!" ಎಂದು ಇಡೀ ಪಡಸಾಲೆ.

ಅವರು ಹೊರಗೆ ಬಂದಾಗ ನಾನು ಕೇಳಿದೆ, "ಬೇಲ್ ಯಾವಾಗ ಬರ್ತಾವ್ರಿ?"

"ಯಾವ ಬೇಲ್?" ಎಂದರು. "ಹುಚ್ಚ ಅದೀರೇನು? ನಾ ಕಂಡ ಹಿಡದ ಮನಷ್ಯಾನ ಮ್ಯಾಲ ನಾನ ಬೇಲ್ ಒಟ್ಟಲೇನು?"

ಮಾಳಗಿ ರಿಪೇರಿಯನ್ನೂ ಅವರೇ ಮುಂದೆ ನಿಂತು ಮಾಡಿಸಿದರು. ಕೊನೆಯವರೆಗೂ ಬಂದ ಅತಿಥಿಗಳನ್ನೆಲ್ಲ ಕರೆತಂದು ಆ ಬೆರಳು ತೋರಿಸುತ್ತಿದ್ದರು. ಅವರು ಹೇಳುವಾಗ ಮಾಳಪ್ಪನೂ ಇರುತ್ತಿರಲಿಲ್ಲ, ಆಟವೂ ಇರುತ್ತಿರಲಿಲ್ಲ. ಒಂದು ದಿನ ಸುಮ್ಮನೆ ನಿಂತು ನೋಡುವಾಗ ಕಂಡಿತು ಎನ್ನುತ್ತಿದ್ದರು. ನಾನು ತಿದ್ದಲಿಲ್ಲ. ನೋಡದವರೊಬ್ಬರು ನೋಡುವವರಾದರು. ಈ ಕೆಲಸದಲ್ಲಿ ಅದಕ್ಕಿಂತ ದೊಡ್ಡದನ್ನು ನಾನು ಕೇಳಿಕೊಂಡಿರಲಿಲ್ಲ.

ಅಂದು ಸಂಜೆ ಇರ್ಫಾನ್ ತಂತಿ ಸುತ್ತುತ್ತ, "ಅಕ್ಕಾರ, ಈ ಕ್ಯಾಮೆರಾ ವಾಪಸ್ ಕಳಸೂಣು. ಕಂಬಳಿ ಕಾಣೂವಂಥಾದ್ದು ತರಸ್ತೇನಿ" ಎಂದ.

"ಕ್ಯಾಮೆರಾ ಮುಟ್ಟಿದ್ರ ನಿನ್ನ ಕೈ ಮುರೀತೇನಿ" ಎಂದೆ. "ಬಾಗಲದಾಗ ಗೂಟ ಬಡಿ. ನಾಳೆ ಬೀಳಗಿಗೆ ಹೋಗಿ ಕಂಬಳಿ ತರೂಣು."

ಹಾಗೆ ಆಟದ ನಿಯಮ ತಿರುಗಾಮುರುಗಾ ಆಯಿತು. ಅಡಗಿ ಕೂಡಬೇಕು, ಹಿಂಡು ನಿಮ್ಮನ್ನು ಹುಡುಕಬೇಕು, ನೀವು ಗೋಡೆಯಲ್ಲಿ ಅಡಗಿದವನನ್ನು ಹುಡುಕಬೇಕು. ಜನರನ್ನು ನೋಡಿ ಪ್ರತಿಕ್ರಿಯೆ ಕೊಡುವ ಯಂತ್ರಗಳನ್ನು ಎಷ್ಟೋ ವರ್ಷ ಕಟ್ಟಿದ ಮೇಲೆ, ಯಂತ್ರ ನೋಡಲಾಗದ ಒಂದು ಜಾಗವನ್ನು ಜನರಿಗೆ ಕೊಟ್ಟದ್ದೇ ನನ್ನ ಅತಿ ಒಳ್ಳೆಯ ಕೆಲಸವಾಯಿತು. ವರ್ಷಗಳ ಮೇಲೆ ಆ ಕ್ಯಾಮೆರಾ ಕೆಟ್ಟಿತು. ಹೊಸದಾಗಿ ಬಂದದ್ದು ಕಂಬಳಿಯನ್ನು ಎಳೆ ಎಳೆಯಾಗಿ ನೋಡುತ್ತಿತ್ತು. ಕಂಬಳಿ ಕಂಡರೂ ಕಾಣದಂತೆ ಇರುವುದನ್ನು ಅದಕ್ಕೆ ಕಲಿಸಲು ಇರ್ಫಾನ್ ತಿಂಗಳುಗಟ್ಟಲೆ ಒದ್ದಾಡಿದ. "ಹಳೇ ಮಶೀನಿಗೆ ಇದು ಹುಟ್ಟತಾ ಬರ್ತಿತ್ತು" ಎಂದು ಗೊಣಗುತ್ತ ಕೊನೆಗೆ ಮಾಡಿ ತೋರಿಸಿದ.

ನಿವೃತ್ತಿಯಾದ ಮೇಲೆ ಬಹಳ ದಿನ ಆ ಕಡೆ ಹೋಗಿರಲಿಲ್ಲ. ಮೊನ್ನೆ ಜಮಖಂಡಿಗೆ ಒಂದು ಲಗ್ನಕ್ಕೆ ಹೋದಾಗ ಟಿಕೆಟ್ ತೆಗೆಸಿ ಒಳಗೆ ಹೋದೆ. ಹೊಸ ಸಿಪಾಯಿ, ಹೊಸ ಪರದೆ, ಪಡಸಾಲೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬ ತರುಣಿ, ಹಗ್ಗದ ಸುತ್ತ ಆಟ ನೋಡಲು ಬಂದ ಮಂದಿ. ಯಾರಿಗೂ ನನ್ನ ಗುರುತಿಲ್ಲ. ಗೂಟಗಳಲ್ಲಿ ಕಂಬಳಿಗಳು ತೂಗುತ್ತಿದ್ದವು, ಅಂಚು ಸವೆದು ನುಣ್ಣಗಾಗಿದ್ದವು. ಗೋಡೆಯಲ್ಲಿ ಆ ಐದು ಬೆರಳಿನ ಎದುರು ನೆಲದ ಕಲ್ಲು ಮಾತ್ರ ಉಳಿದ ಕಡೆಗಿಂತ ಹೊಳೆಯುತ್ತಿತ್ತು. ಅಷ್ಟು ಜನ ಅಲ್ಲಿ ನಿಂತಿದ್ದಾರೆ.

"ಬರ್ರಿ ಅಮ್ಮಾರ, ಆಡತೀರೇನ್ರಿ?" ಎಂದಳು ತರುಣಿ. "ಇದನ್ನ ಹೊದ್ದ್ರ ನೀವು ಕಾಣಂಗಿಲ್ರಿ."

"ಯಾರ ಮಾಡಿದ್ದವಾ ಈ ಆಟ?"

"ಬೀಳಗಿ ಕಡೆ ಒಬ್ಬ ಮುತ್ಯಾ ಇದ್ದನಂತ್ರಿ. ಬೀರದೇವರ ಕಂಬಳಿ ಇತ್ತಂತ ಅಂವನ ಹತ್ರ. ಅದನ್ನ ಹೊದ್ದ್ರ ಯಾವ ಮಶೀನಿಗೂ ಕಾಣ್ತಿರಲಿಲ್ಲಂತ." ಗೂಟದಿಂದ ಕಂಬಳಿ ಇಳಿಸುತ್ತ, "ಮಂದಿ ಹಂಗ ಹೇಳ್ತಾರ್ರಿ" ಎಂದಳು.

ನನ್ನ ಹೆಸರಿಲ್ಲ, ಇರ್ಫಾನನ ಹೆಸರಿಲ್ಲ, ಸಾವಕಾರರ ಹೆಸರೂ ಇಲ್ಲ. ಉಳಿದವನು ಮಾಳಪ್ಪ, ಅವನ ಕಂಬಳಿ, ಮತ್ತು ಗೋಡೆ. ಇಷ್ಟು ಸೊಗಸಾಗಿ ಯಾವ ವರದಿಯನ್ನೂ ನಾನು ಬರೆದಿರಲಿಲ್ಲ. ನಗು ತಡೆಯಲಾಗಲಿಲ್ಲ.

"ಖರೆ ಐತಿ" ಎಂದೆ ಅವಳಿಗೆ. "ನಾ ಕಣ್ಣಾರೆ ನೋಡೇನಿ."

ಕಂಬಳಿ ತಗೊಂಡು ವರ್ತುಲದೊಳಗೆ ಹೋಗಿ ತಲೆಯ ಮೇಲೆ ಎಳೆದುಕೊಂಡು ಕೂತೆ. ಉಣ್ಣೆಯ ವಾಸನೆ, ಕತ್ತಲು. ಹೊರಗೆ ಒಂದು ಗಳಿಗೆ ಎಲ್ಲ ಸುಮ್ಮನಾಯಿತು, ಕುರಿಗಳು ತಲೆಯೆತ್ತಿರಬೇಕು. ಆಮೇಲೆ ನನ್ನ ಬದಿಯಿಂದ ಬರಿಗಾಲುಗಳು ದಡದಡ ಗೋಡೆಯ ಕಡೆ ಓಡಿದ್ದು ಕೇಳಿತು.